ಕೊಡಗಿನ ಅಡುಗೆಮನೆಯಲ್ಲೇ ಹೃದಯಕ್ಕೆ ಹಿತವಾದ ಊಟ: ಅಳತೆ, ವಿಧಾನ, ಎಚ್ಚರಿಕೆ

ಶುಗರ್ ಅಥವಾ ಕೊಲೆಸ್ಟ್ರಾಲ್ ಹೆಚ್ಚಿದೆ ಎಂಬ ರಿಪೋರ್ಟ್ ಕೈಗೆ ಬಂದ ವಾರದಲ್ಲೇ ಓಟ್ಸ್, ಚಿಯಾ, ಅಗಸೆ, ಬಾದಾಮಿ ಎಲ್ಲವೂ ಮನೆಗೆ ಬಂದುಬಿಡುತ್ತವೆ. ಉಳಿದ ಊಟ ಮಾತ್ರ ಹಿಂದಿನಂತೆಯೇ ನಡೆಯುತ್ತದೆ. ಬೆಳಿಗ್ಗೆ ಓಟ್ಸ್ ಗಂಜಿ ಕುಡಿದು, ಅದರ ಮೇಲೆ ಎಂದಿನಂತೆ ನಾಲ್ಕು ಅಕ್ಕಿ ರೊಟ್ಟಿ ತಿಂದರೆ ಅಂಕಿಗಳು ಕದಲುವುದಿಲ್ಲ, ತೂಕ ಏರುತ್ತದೆ. ಒಳ್ಳೆಯ ಆಹಾರ ಕೆಲಸ ಮಾಡುವುದು ತಟ್ಟೆಯಲ್ಲಿ ಬೇರೆ ಯಾವುದರದೋ ಜಾಗ ಹಿಡಿದಾಗ. ಈ ಬರಹದ ಪ್ರತಿ ಸಲಹೆಯಲ್ಲೂ ಏನನ್ನು ಹಾಕಬೇಕು ಎಂಬುದರ ಜೊತೆಗೆ ಯಾವುದನ್ನು ತೆಗೆಯಬೇಕು ಎಂಬುದೂ ಇದೆ. ಎರಡನ್ನೂ ಒಟ್ಟಿಗೇ ಮಾಡಬೇಕು.

ಇದಕ್ಕೆ ಬೇಕಾದ ಬಹುಪಾಲು ಸಾಮಾನು ಕೊಡಗಿನ ತೋಟದಲ್ಲಿ, ಹಿತ್ತಲಲ್ಲಿ, ವಾರದ ಸಂತೆಯಲ್ಲಿ ಸಿಗುತ್ತದೆ.

ಮೊದಲು ಅಳತೆ

ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಇಟ್ಟು, ಉಸಿರು ಬಿಟ್ಟ ಮೇಲೆ ಹೊಟ್ಟೆಯ ಸುತ್ತಳತೆ ತೆಗೆಯಿರಿ. ಪ್ಯಾಂಟಿನ ಸೈಜನ್ನು ನಂಬಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರವಾಗಬೇಕು. ಉಳಿದ ನಾಲ್ಕು ಅಂಕಿಗಳು ಇವು: ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 150 ಅಥವಾ ಹೆಚ್ಚು, ಬಿಪಿ 130/85 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಐದರಲ್ಲಿ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಒಂದೊಂದೂ ಸ್ವಲ್ಪವೇ ಹೆಚ್ಚಿರುವುದರಿಂದ ಜನ ಉದಾಸೀನ ಮಾಡುವುದು ಇಲ್ಲಿಯೇ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಈ ಐದರಲ್ಲಿ ಸೇರಿಲ್ಲ, ಆದರೆ ಹೃದಯದ ಮಟ್ಟಿಗೆ ಅದನ್ನೂ ನೋಡಲೇಬೇಕು.

ಆಮೇಲೆ ಅಡುಗೆಮನೆಯ ಲೆಕ್ಕ. ಉಪ್ಪು, ಸಕ್ಕರೆ, ಬೆಲ್ಲ, ಎಣ್ಣೆ ಪೊಟ್ಟಣಗಳ ಮೇಲೆ ಒಡೆದ ದಿನದ ತಾರೀಕು ಬರೆದಿಡಿ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಅಂದರೆ ನಾಲ್ವರ ಮನೆಯಲ್ಲಿ 1 ಕೆ.ಜಿ. ಉಪ್ಪು ಕನಿಷ್ಠ 50 ದಿನ ಬರಬೇಕು. ಅಂಗಡಿಯ ಉಪ್ಪಿನಕಾಯಿ, ಒಣಮೀನು, ಬೇಕರಿ ತಿಂಡಿ ಇದ್ದರೆ ಇನ್ನೂ ಹೆಚ್ಚು ದಿನ ಬರಬೇಕು. ಒಂದೇ ತಿಂಗಳಲ್ಲಿ ಮುಗಿದರೆ ತಲಾ 8 ಗ್ರಾಂ ದಾಟಿತು. ಸಕ್ಕರೆ ಮತ್ತು ಬೆಲ್ಲ ಎರಡೂ ಕೂಡಿ ನಾಲ್ವರಿಗೆ ತಿಂಗಳಿಗೆ 3 ಕೆ.ಜಿ. ಒಳಗಿರಲಿ, ಸಕ್ಕರೆ ಕಾಯಿಲೆ ಇರುವವರ ಪಾಲು ಇದಕ್ಕಿಂತ ಬಹಳ ಕಡಿಮೆ. ಎಣ್ಣೆ, ತುಪ್ಪ ಸೇರಿ ಎರಡೂವರೆಯಿಂದ 3 ಲೀಟರ್. ಈ ಮೂರು ಲೆಕ್ಕ ಸರಿಯಾಗುವವರೆಗೆ ಚಿಯಾ ಬೀಜಕ್ಕೆ ದುಡ್ಡು ಹಾಕಬೇಡಿ.

ತಟ್ಟೆಯ ಒಟ್ಟು ಅಂದಾಜಿಗೆ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ನೆರವಾಗುತ್ತದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಹಸಿ ತೂಕದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಎಂದು ಅದು ಹೇಳುತ್ತದೆ. ಕೊಡಗಿನ ಊಟದಲ್ಲಿ ಅಕ್ಕಿ ಈ ಅಳತೆಯನ್ನು ಸುಲಭವಾಗಿ ದಾಟುತ್ತದೆ. ಕಾಳು ಮತ್ತು ತರಕಾರಿ ಅರ್ಧಕ್ಕೇ ನಿಲ್ಲುತ್ತವೆ.

ಬೆಲ್ಲದ ಕಾಫಿ

ಇಲ್ಲಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ದಿನಕ್ಕೆ ನಾಲ್ಕೈದು ಸಲ ಕೈ ಹೋಗುವುದು ಇದಕ್ಕೇ. ಯಾರ ಮನೆಗೆ ಹೋದರೂ ಕಾಫಿ ಬೇಡ ಎನ್ನಲಾಗದು. ಒಂದು ಲೋಟಕ್ಕೆ ಎರಡು ಚಮಚ ಬೆಲ್ಲ ಎಂದರೆ ಸುಮಾರು 10 ಗ್ರಾಂ, ನಾಲ್ಕು ಲೋಟಕ್ಕೆ 40 ಗ್ರಾಂ. ದಿನದ ಮಿತಿ (ಮೇಲಿನ ಲೆಕ್ಕದಲ್ಲಿ ತಲಾ 25 ಗ್ರಾಂ) ಕಾಫಿಯಲ್ಲೇ ಮುಗಿದು ಮೇಲೂ ಹೋಯಿತು. ಬೆಲ್ಲದಲ್ಲಿ ಕಬ್ಬಿಣ ಇದೆ, ಜೇನು ಔಷಧಿ ಎಂಬ ಸಮಾಧಾನ ಶುಗರ್ ಇರುವವರಿಗೆ ಅಪಾಯಕಾರಿ. ಬೆಲ್ಲದ ಬಹುಪಾಲು ಸಕ್ಕರೆಯೇ, ಜೇನಿನ ಲೆಕ್ಕವೂ ಹೆಚ್ಚು ಕಡಿಮೆ ಅದೇ.

ಒಂದೇ ದಿನ ಬಿಟ್ಟರೆ ಮೂರನೆಯ ದಿನಕ್ಕೆ ಮತ್ತೆ ಹಳೆಯ ಅಳತೆಗೆ ಹೋಗುತ್ತೀರಿ. ಪಾತ್ರೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬೆಲ್ಲ ಹಾಕಿ ಕುದಿಸುವುದನ್ನು ಮೊದಲು ನಿಲ್ಲಿಸಿ, ಲೋಟಕ್ಕೆ ಬೇರೆಯಾಗಿ ಹಾಕಿಕೊಳ್ಳಿ. ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಬಂದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಒಂದು ಏಲಕ್ಕಿ ಜಜ್ಜಿ ಹಾಕಿದರೆ ಸಿಹಿ ಕಡಿಮೆಯಾದದ್ದು ಅಷ್ಟಾಗಿ ಕಾಡುವುದಿಲ್ಲ.

ಕಾಫಿಯಲ್ಲಿ ಇನ್ನೊಂದು ವಿಷಯವಿದೆ, ಕಾಫಿ ಬೆಳೆಯುವ ನಾಡಿನಲ್ಲೂ ಇದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಪುಡಿಯನ್ನು ನೀರಿಗೆ ಹಾಕಿ ಕುದಿಸಿ, ಜರಡಿಯಲ್ಲಿ ಸೋಸಿ ಕುಡಿದರೆ ಕೆಫೆಸ್ಟಾಲ್ ಮತ್ತು ಕಾವಿಯಾಲ್ ಎಂಬ ಎಣ್ಣೆಯಂಥ ಪದಾರ್ಥಗಳು ಲೋಟಕ್ಕೆ ಇಳಿಯುತ್ತವೆ. ಇವು ಎಲ್‌ಡಿಎಲ್ ಏರಿಸುತ್ತವೆ. ಕಾಗದದ ಫಿಲ್ಟರ್ ಇವನ್ನು ಹೆಚ್ಚೂಕಮ್ಮಿ ಪೂರ್ತಿ ತಡೆಯುತ್ತದೆ. ದಟ್ಟ ನೇಯ್ಗೆಯ ಬಟ್ಟೆಯೂ ಬಹುಪಾಲನ್ನು ತಡೆಯುತ್ತದೆ, ಸ್ಟೀಲಿನ ಜರಡಿ ತಡೆಯುವುದಿಲ್ಲ. ರೋಬಸ್ಟಾದಲ್ಲಿ ಇವು ಅರೇಬಿಕಾಗಿಂತ ಕಡಿಮೆ. ಎಲ್‌ಡಿಎಲ್ ಹೆಚ್ಚಿರುವವರು ದಿನಕ್ಕೆ ಮೂರಕ್ಕಿಂತ ಹೆಚ್ಚು ಲೋಟ ಕುದಿಸಿದ ಕಾಫಿ ಕುಡಿಯುತ್ತಿದ್ದರೆ, ಕಾಗದದ ಫಿಲ್ಟರಿಗೆ ಬದಲಾಯಿಸಿ ಆರು ವಾರ ಬಿಟ್ಟು ಪರೀಕ್ಷೆ ಮಾಡಿಸಿ ನೋಡಿ.

ಪುಟ್ಟು ಮತ್ತು ರೊಟ್ಟಿ

ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ಹಾಗೆಂದು ಅಕ್ಕಿಯನ್ನು ಪೂರ್ತಿ ಬಿಡಿ ಎಂದರೆ ಕೊಡಗಿನ ಮನೆಯಲ್ಲಿ ಆ ಮಾತು ಎರಡು ದಿನವೂ ನಿಲ್ಲುವುದಿಲ್ಲ. ಅಕ್ಕಿಯ ಒಂದು ಪಾಲು ಬದಲಿಸುವುದು ನಡೆಯುತ್ತದೆ.

ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟಿಗೆ ಬಾರ್ಲಿ ಚೆನ್ನಾಗಿ ಹೊಂದುತ್ತದೆ. ಬಾರ್ಲಿಯಲ್ಲೂ ಓಟ್ಸಿನಲ್ಲೂ ಇರುವ ಬೀಟಾ ಗ್ಲುಕಾನ್ ಎಂಬ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಪಿತ್ತಜನಕಾಂಗ ರಕ್ತದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಸಿಕ್ಕರೆ ಎಲ್‌ಡಿಎಲ್ ಶೇಕಡಾ 5ರಿಂದ 10ರಷ್ಟು ಇಳಿಯಬಹುದು. 40 ಗ್ರಾಂ ಓಟ್ಸ್ ಮತ್ತು 35 ಗ್ರಾಂ ಬಾರ್ಲಿ ಸೇರಿದರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಬಾರ್ಲಿ ಒಂದರಿಂದಲೇ ಆದರೆ 70 ಗ್ರಾಂ ಬೇಕು.

ವಿಧಾನ ಹೀಗೆ. ಬಾರ್ಲಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿದು, ಆರಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಅಕ್ಕಿ ತರಿಯಷ್ಟೇ ದಪ್ಪಕ್ಕೆ ಒಡೆಯಿರಿ. ಎರಡು ಪಾಲು ಅಕ್ಕಿ ತರಿಗೆ ಒಂದು ಪಾಲು ಬಾರ್ಲಿ ತರಿ. ಒಂದು ಲೋಟ ಮಿಶ್ರಣಕ್ಕೆ ಎರಡೂವರೆ ಲೋಟ ನೀರು ಕುದಿಸಿ, ಉಪ್ಪು ಹಾಕಿ, ತರಿ ಸುರಿದು ಬಿಡದೆ ಕೈಯಾಡಿಸಿ. ನೀರು ಇಂಗಿದ ಮೇಲೆ ಒಲೆಯಿಂದ ಇಳಿಸಿ ಮುಚ್ಚಿ 10 ನಿಮಿಷ ಬಿಡಿ. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ 20 ನಿಮಿಷ ಬೇಯಿಸಿ. ಬಾರ್ಲಿ ಮೂರನೇ ಒಂದು ಪಾಲು ದಾಟಿದರೆ ಉಂಡೆ ಅಂಟಾಗಿ ಚಪ್ಪಟೆಯಾಗಿ ಕೂರುತ್ತದೆ. ಬಾರ್ಲಿ ತರಿ ಅಕ್ಕಿಗಿಂತ ದಪ್ಪ ಉಳಿದರೆ ನಡುವೆ ಗಟ್ಟಿ ಕಾಳು ಸಿಗುತ್ತದೆ. ಗೋಧಿಯ ಗ್ಲುಟೆನ್ ಆಗದವರಿಗೆ ಬಾರ್ಲಿಯೂ ಆಗದು.

ನವಣೆ ತರಿ ಹಾಕಿದರೆ ಉಂಡೆ ಬಿರುಕು ಬಿಡುತ್ತದೆ, ಅದಕ್ಕೆ ಅಂಟು ಸಾಲದು. ಅದನ್ನು ಪಾಪುಟ್ಟಿಗೆ ಬಳಸಿ: ಅರ್ಧ ಅಕ್ಕಿ ತರಿ, ಅರ್ಧ ನವಣೆ ತರಿ, ಕೆನೆ ತೆಗೆದ ಹಾಲು, ಎಂದಿನ ತೆಂಗಿನ ತುರಿಯ ಅರ್ಧ. ತಟ್ಟೆಯಲ್ಲಿ ಬೇಯುವುದರಿಂದ ಒಡೆಯುವ ಚಿಂತೆಯಿಲ್ಲ. ರೊಟ್ಟಿಗೆ ಅಕ್ಕಿ ಹಿಟ್ಟಿನ ಮೂರನೇ ಒಂದು ಪಾಲು ರಾಗಿ ಹಿಟ್ಟು ಸೇರಿಸಬಹುದು. ನುಣ್ಣಗೆ ಬೀಸಿದ ರಾಗಿಯ ತೆಳು ಗಂಜಿ ಮಾತ್ರ ಶುಗರನ್ನು ಬೇಗನೆ ಏರಿಸುತ್ತದೆ. ಸಿರಿಧಾನ್ಯ ಎಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದು ಎಂದಲ್ಲ.

ತಿನ್ನುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಮೊದಲು ಪಲ್ಯ, ಆಮೇಲೆ ಕಾಳು ಅಥವಾ ಮಾಂಸ, ಕೊನೆಗೆ ಪುಟ್ಟು. ಹೀಗೆ ಉಂಡರೆ ಊಟದ ನಂತರದ ಶುಗರ್ ಏರಿಕೆ ಕಡಿಮೆಯಾಗುತ್ತದೆ. ಉಂಡು 15 ನಿಮಿಷ ಅಂಗಳದಲ್ಲೋ ತೋಟದ ದಾರಿಯಲ್ಲೋ ನಡೆದರೆ ಇನ್ನೂ ಕಡಿಮೆ. ಕಡಂಬುಟ್ಟು ಎರಡಕ್ಕೆ ನಿಲ್ಲಲಿ.

ಪಂದಿಕರಿ ಬಿಡಬೇಕಿಲ್ಲ, ಕೊಬ್ಬು ತೆಗೆಯಿರಿ

ಹಂದಿಯ ಕೊಬ್ಬಿನಲ್ಲಿ ಸುಮಾರು ಶೇಕಡಾ 40 ಸ್ಯಾಚುರೇಟೆಡ್ ಕೊಬ್ಬು, ಎಂದರೆ ಎಲ್‌ಡಿಎಲ್ ಏರಿಸುವ ಬಗೆಯದು. ಒಂದು ದೊಡ್ಡ ಚಮಚದಲ್ಲಿ 5 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಮಿತಿ 22 ಗ್ರಾಂ, ಎಲ್‌ಡಿಎಲ್ ಹೆಚ್ಚಿದ್ದರೆ 13 ಗ್ರಾಂ ಸುತ್ತಮುತ್ತ ಇದ್ದರೆ ಒಳ್ಳೆಯದು. ಕೊಬ್ಬು ತೇಲುವ ಕರಿಯಲ್ಲಿ ಒಂದೇ ಊಟಕ್ಕೆ ಇದು ಮುಗಿಯುತ್ತದೆ.

ಅಂಗಡಿಯಲ್ಲಿ ತೊಡೆಯ ಮಾಂಸ ಕೇಳಿ, ಚರ್ಮ ಮತ್ತು ದಪ್ಪ ಕೊಬ್ಬು ತೆಗೆಸಿ. ಪೂರ್ತಿ ತೆಗೆಸಿದರೆ ಮಾಂಸ ನಾರುನಾರಾಗುತ್ತದೆ. ತುಂಡಿನ ಅಂಚಿನಲ್ಲಿ ತೆಳುವಾಗಿ ಉಳಿಯಲಿ, ಅದನ್ನು ಆಮೇಲೆ ತೆಗೆಯುತ್ತೇವೆ. ಹಿಂದಿನ ದಿನವೇ ಮಾಂಸಕ್ಕೆ ಅರಿಶಿನ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸ್ವಲ್ಪ ಉಪ್ಪು ಹಾಕಿ, ಎಣ್ಣೆ ಹಾಕದೆ, ಮುಚ್ಚಿ ಸಣ್ಣ ಉರಿಯಲ್ಲಿ ಪೂರ್ತಿ ಬೇಯಿಸಿ. ದೊಡ್ಡ ಉರಿಯಲ್ಲಿ ಕುದಿಸಿದರೆ ಕೊಬ್ಬಿಲ್ಲದ ಮಾಂಸ ರಬ್ಬರಿನಂತಾಗುತ್ತದೆ. ಬೆಂದ ಮೇಲೆ ಅಗಲ ಪಾತ್ರೆಗೆ ಹಾಕಿ ಆರಿಸಿ, ಎರಡು ಗಂಟೆಯ ಒಳಗೆ ಫ್ರಿಜ್ಜಿನಲ್ಲಿಡಿ. ಚಳಿಯಿದೆ ಎಂದು ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ.

ಬೆಳಿಗ್ಗೆ ಮೇಲೆ ಬಿಳಿ ಪದರ ಹೆಪ್ಪುಗಟ್ಟಿರುತ್ತದೆ. ಸೌಟಿನ ಅಂಚಿನಿಂದ ಒಂದು ಬದಿ ಎತ್ತಿದರೆ ಹಾಳೆಯಂತೆ ಏಳುತ್ತದೆ, ಕೆಳಗೆ ಕಂದು ಬಣ್ಣದ ಸಾರು ಲೋಳೆಗಟ್ಟಿ ಅಲುಗುತ್ತಿರುತ್ತದೆ. ಆ ಲೋಳೆ ಮಾಂಸದ ಸಾರವೇ, ಅದನ್ನು ಉಳಿಸಿಕೊಳ್ಳಿ.

ಕಪ್ಪಗೆ ಹುರಿದ ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸಿನ ಪುಡಿ ಹಾಕುವುದು ಈಗ. ಮಸಾಲೆಯ ಘಮ ಕೊಬ್ಬಿನಲ್ಲಿ ಕರಗುತ್ತದೆ. ಹಿಂದಿನ ದಿನವೇ ಹಾಕಿದ್ದರೆ ಪದರದ ಜೊತೆ ಘಮವನ್ನೂ ಎತ್ತಿ ಎಸೆದಂತೆ. ಕೊಬ್ಬು ತೆಗೆದ ಕರಿ ಸಪ್ಪೆ ಎಂದು ಮನೆಯವರು ದೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. 15 ನಿಮಿಷ ಕುದಿಸಿ, ಕೊನೆಗೆ ಕಾಚಂಪುಳಿ, ಎಂದರೆ ಕೊಡಗಿನ ಕಪ್ಪು ಹುಳಿರಸ. ಹುಳಿ ಚೆನ್ನಾಗಿದ್ದರೆ ಉಪ್ಪು ಕಡಿಮೆ ಸಾಕು, ಆದ್ದರಿಂದ ಉಪ್ಪು ನೋಡುವುದು ಕಾಚಂಪುಳಿ ಬಿದ್ದ ಮೇಲೆ. ಒಬ್ಬರಿಗೆ ಹಸಿ ಮಾಂಸ 100 ಗ್ರಾಂ, ವಾರಕ್ಕೆ ಒಮ್ಮೆ. ಒಣಮಾಂಸಕ್ಕೆ ಈ ಉಪಾಯ ನಡೆಯುವುದಿಲ್ಲ, ಅದರಲ್ಲಿ ಉಪ್ಪೇ ಹೆಚ್ಚು.

ಕಾಚಂಪುಳಿ ಬೇರೆ, ಗಾರ್ಸೀನಿಯಾ ಮಾತ್ರೆ ಬೇರೆ

ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕಾಯಿಸಿದ್ದು ಕಾಚಂಪುಳಿ. ಅದೇ ಜಾತಿಯ ಹಣ್ಣಿನಿಂದ ತೆಗೆದ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವನ್ನು ಗಾರ್ಸೀನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ. ಅಂಥ ಮಾತ್ರೆಗಳಿಂದ ತೂಕ ಗಮನಾರ್ಹವಾಗಿ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಕರಿಗೆ ಒಂದೆರಡು ಚಮಚ ಹಾಕಿ ಉಣ್ಣುವುದು ತಲೆಮಾರುಗಳಿಂದ ನಡೆದುಬಂದ ರೂಢಿ, ಅದಕ್ಕೆ ಹೆದರಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕಲಸಿ ಕುಡಿಯುವ ಹೊಸ ಅಭ್ಯಾಸ ಮಾತ್ರ ಬೇಡ. ಹೊಟ್ಟೆ ಉರಿ, ಹಲ್ಲಿನ ಸವೆತ ಬಿಟ್ಟು ಬೇರೇನೂ ಸಿಗುವುದಿಲ್ಲ.

ಮೀನು, ಕಾಳು, ಕಣಿಲೆ

ವಾರಕ್ಕೆ ಎರಡು ದಿನ ಮತ್ತಿ ಅಥವಾ ಬಂಗುಡೆ, ಸಲಕ್ಕೆ 100 ಗ್ರಾಂ. ಕರಾವಳಿಯಿಂದ ಬರುವ ಈ ಅಗ್ಗದ ಮೀನುಗಳಲ್ಲಿ ಒಮೆಗಾ-3 ಕೊಬ್ಬು ದುಬಾರಿ ಅಂಜಲ್ ಮೀನಿಗಿಂತ ಕಡಿಮೆಯೇನಿಲ್ಲ. ಸಾರು ಮಾಡಿ, ಎಣ್ಣೆಯಲ್ಲಿ ಮುಳುಗಿಸಿ ಕರಿಯಬೇಡಿ. ಮೀನು ಆ ದಿನದ ಮಾಂಸದ ಜಾಗಕ್ಕೆ ಬರಲಿ.

ಹುರುಳಿ ಮೊಳಕೆ ಕಟ್ಟುವವರಿಗೆ ಮಳೆಗಾಲದಲ್ಲಿ ತೊಂದರೆ ಇದ್ದದ್ದೇ. ಬಯಲುಸೀಮೆಯಲ್ಲಿ ಒಂದು ದಿನಕ್ಕೆ ಬರುವ ಮೊಳಕೆ ಮಡಿಕೇರಿಯ ಜುಲೈ ತಿಂಗಳಲ್ಲಿ ಎರಡು ದಿನವಾದರೂ ಬರುವುದಿಲ್ಲ, ಅಷ್ಟರಲ್ಲಿ ಕಾಳು ಲೋಳೆಯಾಗಿ ನಾರುತ್ತದೆ. 12 ಗಂಟೆ ನೆನೆಸಿ, ಬಿಸಿನೀರಿನಲ್ಲಿ ಒಮ್ಮೆ ತೊಳೆದು, ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಬೆಚ್ಚಗಿಡಿ. ದಿನಕ್ಕೆರಡು ಸಲ ತೊಳೆದು ಬಸಿಯಿರಿ. ಹುಳಿವಾಸನೆ ಬಂದರೆ ಎಸೆಯಿರಿ. ಮೊಳಕೆ ಬರದಿದ್ದರೂ ನಷ್ಟವಿಲ್ಲ, ನೆನೆಸಿ ಬೇಯಿಸಿದ ಹುರುಳಿಯಲ್ಲೂ ನಾರು, ಪ್ರೋಟೀನ್ ಇದ್ದೇ ಇರುತ್ತವೆ. ಒಬ್ಬರಿಗೆ ಒಂದು ಹೊತ್ತಿಗೆ 30 ಗ್ರಾಂ ಒಣಕಾಳು, ಅಷ್ಟೇ ಅಕ್ಕಿ ಕಡಿಮೆ.

ಕಣಿಲೆಯಲ್ಲಿ (ಎಳೆ ಬಿದಿರಿನ ಮೊಳಕೆ) ನಾರು ಹೆಚ್ಚು, ಕ್ಯಾಲೊರಿ ತೀರಾ ಕಡಿಮೆ, ಅನ್ನದ ಪಾಲು ಇಳಿಸಲು ಒಳ್ಳೆಯ ತರಕಾರಿ. ಆದರೆ ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಮುಚ್ಚಳ ತೆರೆದಿಟ್ಟು 20 ನಿಮಿಷ ಕುದಿಸಿ ಆ ನೀರು ಚೆಲ್ಲಿ. ಮುಚ್ಚಿ ಕುದಿಸಿದರೆ ಆವಿಯಾಗಿ ಹೋಗಬೇಕಾದ ವಿಷ ಒಳಗೇ ಉಳಿಯುತ್ತದೆ. ಉಪ್ಪುನೀರಿನಲ್ಲಿಟ್ಟ ಕಣಿಲೆಯಾದರೆ ಅರ್ಧ ಗಂಟೆ ಸಿಹಿನೀರಿನಲ್ಲಿ ನೆನೆಸಿ, ಅಡುಗೆಗೆ ಬೇರೆ ಉಪ್ಪು ಹಾಕಬೇಡಿ. ಕಾಡಿನ ಅಣಬೆಯನ್ನು, ಗುರುತು ಹಿಡಿಯಬಲ್ಲವರು ಆರಿಸಿಕೊಟ್ಟರೆ ಮಾತ್ರ ತಿನ್ನಿ.

ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದು ಪಾಯಸವನ್ನು ಯಾರೂ ತಪ್ಪಿಸಿಕೊಳ್ಳಬೇಕಿಲ್ಲ. ಶುಗರ್ ಇರುವವರು ಬೆಲ್ಲ, ತೆಂಗಿನ ಹಾಲು ಹಾಕುವ ಮೊದಲು ತಮ್ಮ ಪಾಲು ಬೇರೆ ತೆಗೆದಿಡಲಿ. ಮಾರನೆಯ ದಿನ ಮೂತ್ರ ಕೆಂಪಾದರೆ ಅದು ಮದ್ದು ಸೊಪ್ಪಿನ ಬಣ್ಣ.

ಬೆಣ್ಣೆಹಣ್ಣು

ಅರ್ಧ ಬೆಣ್ಣೆಹಣ್ಣಿನಲ್ಲಿ, ಎಂದರೆ ಸುಮಾರು 100 ಗ್ರಾಂ ತಿರುಳಿನಲ್ಲಿ, 160 ಕ್ಯಾಲೊರಿ, 6-7 ಗ್ರಾಂ ನಾರು ಇದೆ. ಕೊಬ್ಬಿನ ಬಹುಪಾಲು ಎಲ್‌ಡಿಎಲ್ ಏರಿಸದ ಬಗೆಯದು. ಹಾಲು, ಮೂರು ಚಮಚ ಸಕ್ಕರೆ ಹಾಕಿ ಜ್ಯೂಸ್ ಮಾಡಿದರೆ ಲಾಭ ಹೋಯಿತು. ತಿರುಳನ್ನು ನಿಂಬೆರಸ, ಕಾಳುಮೆಣಸು, ಈರುಳ್ಳಿ, ಹಸಿಮೆಣಸಿನ ಜೊತೆ ಕಿವುಚಿ ರೊಟ್ಟಿಗೆ ಹಚ್ಚಿ, ಆ ದಿನ ರೊಟ್ಟಿಗೆ ಬೆಣ್ಣೆ ತುಪ್ಪ ಬೇಡ. ಒಲೆಯ ಮೇಲೆ ಕಾಯಿಸಬೇಡಿ, ಕಹಿಯಾಗುತ್ತದೆ. ಬಲಿಯುವ ಮೊದಲೇ ಕಿತ್ತ ಕಾಯಿ ಹಣ್ಣಾಗದೆ ಸುಕ್ಕುಗಟ್ಟುತ್ತದೆ, ಅಂಥದ್ದನ್ನು ಕೊಳ್ಳಬೇಡಿ.

ಅಗಸೆ ಬಳಸುವವರು ದಿನಕ್ಕೆ ಒಂದು ದೊಡ್ಡ ಚಮಚ, ಪುಡಿ ಮಾಡಿ. ಇಡೀ ಬೀಜ ಹಾಗೆಯೇ ಹೊರಗೆ ಹೋಗುತ್ತದೆ. ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ. ಮಳೆಗಾಲದ ಥಂಡಿಗೆ ಕಡಲೆಬೀಜ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ, ಸುಕ್ಕಾದ, ಕಹಿ ಬೀಜ ಎಸೆಯಿರಿ.

ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಲೇಬೇಕು

ಶುಗರ್ ಮಾತ್ರೆಗಳಾದ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಐದು ಪುಟ್ಟನ್ನು ಏಕಾಏಕಿ ಎರಡಕ್ಕೆ ಇಳಿಸಿದರೆ ಶುಗರ್ ಕುಸಿಯಬಹುದು. ಊಟ ಬದಲಿಸುವ ಮೊದಲೇ ವೈದ್ಯರಿಗೆ ಹೇಳಿ. ಬೆವರು, ನಡುಕ, ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ.

ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಸ್ಟಾಟಿನ್ ಅಥವಾ ಸಿಮ್ವಸ್ಟಾಟಿನ್ ತೆಗೆದುಕೊಳ್ಳುವವರು ಚಕ್ಕೋತ ಹಣ್ಣನ್ನು ದೂರವಿಡಿ. ಅದರಲ್ಲಿರುವ ಕೆಲವು ಅಂಶಗಳು ಮಾತ್ರೆ ಕರಗಿಸುವ ಕಿಣ್ವವನ್ನು ತಡೆದು, ರಕ್ತದಲ್ಲಿ ಔಷಧಿಯ ಪ್ರಮಾಣ ಏರಿಸಬಲ್ಲವು. ಸ್ನಾಯು ನೋವು ಶುರುವಾಗುವುದು ಹೀಗೆ. ಕೈಪುಳಿ (ಕಹಿ ಕಿತ್ತಳೆ) ಪಜ್ಜಿ ದಿನಾ ತಿನ್ನುವ ಮನೆಯವರು ಅದನ್ನೂ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ಸೊಪ್ಪು ಬಿಡಬೇಕಿಲ್ಲ, ದಿನವೂ ಒಂದೇ ಅಳತೆ ಇರಬೇಕು. ಕಿಡ್ನಿ ತೊಂದರೆ ಇರುವವರು ಕಡಿಮೆ ಸೋಡಿಯಂ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮನೆಯಲ್ಲಿ ಮಾಡಿದ ವೈನ್ ಹೃದಯಕ್ಕೆ ಒಳ್ಳೆಯದೆಂದು ಶುರು ಮಾಡುವುದಕ್ಕೆ ಕಾರಣವಿಲ್ಲ, ಮದ್ಯ ಟ್ರೈಗ್ಲಿಸರೈಡ್ ಏರಿಸುತ್ತದೆ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಕಷಾಯ ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಗುಡ್ಡದ ದಾರಿಯಲ್ಲಿ ಆಸ್ಪತ್ರೆ ತಲುಪಲು ಹೊತ್ತು ಹಿಡಿಯುತ್ತದೆ.

ಮರುಪರೀಕ್ಷೆ

ಕೊಲೆಸ್ಟ್ರಾಲಿನ ಬದಲಾವಣೆ ಆರು ವಾರಕ್ಕೆ ಕಾಣುತ್ತದೆ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಮೂರು ತಿಂಗಳ ಒಳಗೆ ಮಾಡಿಸಿ ಪ್ರಯೋಜನವಿಲ್ಲ. ರಕ್ತ ಕೊಡುವ ಬೆಳಿಗ್ಗೆ ನೀರು ಮಾತ್ರ, ಒಂದು ಗುಟುಕು ಬೆಲ್ಲದ ಕಾಫಿ ಕುಡಿದರೂ ಖಾಲಿ ಹೊಟ್ಟೆಯ ಶುಗರ್ ಲೆಕ್ಕ ತಪ್ಪುತ್ತದೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಅಥವಾ ಮದುವೆ ಊಟದ ಮರುದಿನ ಟ್ರೈಗ್ಲಿಸರೈಡ್ ಮಾಡಿಸಬೇಡಿ, ಒಂದು ವಾರ ಬಿಡಿ. ರಿಪೋರ್ಟಿನ ಜೊತೆ ಹೊಟ್ಟೆಯ ಸುತ್ತಳತೆ, ಮನೆಯಲ್ಲಿ ನೋಡಿದ ಬಿಪಿ, ಉಪ್ಪು-ಬೆಲ್ಲ-ಎಣ್ಣೆ ಎಷ್ಟು ದಿನ ಬಂತು ಎಂಬುದನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆ ಕಡಿಮೆ ಮಾಡಬಹುದೇ ಎಂದು ವೈದ್ಯರು ನಿರ್ಧರಿಸುವಾಗ ಆ ಹಾಳೆ ಕೆಲಸಕ್ಕೆ ಬರುತ್ತದೆ. ಅಂಕಿ ಚೆನ್ನಾಗಿ ಬಂದಿದೆ ಎಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.